‘ದ ವಾಟರ್ ನೈಫ್’: ನದಿಗಿಂತ ಪತ್ರ ದೊಡ್ಡದು

ಕೋಲಾರದಲ್ಲಿ ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಮಾಡುವವನು ನಾನು. ನೀರು ಬತ್ತಿದ ನಾಡಿನ ಕಥೆ ಎಂದ ಮೇಲೆ ಓದದೆ ಬಿಡಲಾಗಲಿಲ್ಲ. ಪಾವ್ಲೊ ಬಾಚಿಗಲೂಪಿಯವರ ಈ ಇಂಗ್ಲಿಷ್ ಕಾದಂಬರಿ ಬಂದದ್ದು 2015ರಲ್ಲಿ. ಕೊಲರಾಡೊ ನದಿ ಸೊರಗಿದೆ, ಅಮೆರಿಕದ ರಾಜ್ಯಗಳು ಅದಕ್ಕಾಗಿ ಕಚ್ಚಾಡುತ್ತಿವೆ, ಫೀನಿಕ್ಸ್ ನಗರ ಧೂಳು ತಿನ್ನುತ್ತಿದೆ. ಲಾಸ್ ವೇಗಸ್‌ನವರ ಬಂಟ ಏಂಜೆಲ್, ಪತ್ರಕರ್ತೆ ಲೂಸಿ, ಟೆಕ್ಸಾಸ್‌ನಿಂದ ಗುಳೆ ಬಂದ ಹುಡುಗಿ ಮರಿಯಾ ಮೂವರೂ ಒಂದು ಹಳೆಯ ನೀರಿನ ಹಕ್ಕುಪತ್ರದ ಸುಳಿಗೆ ಬೀಳುತ್ತಾರೆ. ಅಲ್ಲಿನ ಕಾನೂನಿನಂತೆ ಹಕ್ಕು ಹಳೆಯದಾದಷ್ಟೂ ನೀರಿನ ಸರದಿ ಮುಂದೆ. ಪಹಣಿ ತಿದ್ದಿಸಲು ಕಚೇರಿ ಅಲೆದವರಿಗೆ ಈ ಭಾಗ ಸಲೀಸಾಗಿ ಅರ್ಥವಾಗುತ್ತದೆ.

ಪಂಪಿನ ದೃಶ್ಯವನ್ನು ಮರೆಯಲಾರೆ. ಅಲ್ಲಿ ನೀರಿನ ದರ ಏರಿಳಿಯುತ್ತಲೇ ಇರುತ್ತದೆ. ಇಳಿಯುವ ಗಳಿಗೆಗಾಗಿ ಕಾದು, ಮರಿಯಾ ಇದ್ದಬದ್ದ ದುಡ್ಡನ್ನೆಲ್ಲ ಸುರಿದು ತುಂಬಿಕೊಳ್ಳುತ್ತಾಳೆ. ಏಪ್ರಿಲ್‌ನಲ್ಲಿ ನಮ್ಮ ಬೀದಿಯ ಟ್ಯಾಂಕರ್ ದರವೂ ಹೀಗೆಯೇ. ಫೋನ್ ಎತ್ತಿದವನ ದನಿಯಲ್ಲೇ ಇವತ್ತಿನ ದರ ತಿಳಿಯುತ್ತದೆ.

ಮೂತ್ರವನ್ನು ಸೋಸಿ ಕುಡಿಯುವ ‘ಕ್ಲಿಯರ್‌ಸ್ಯಾಕ್’ ಚೀಲ ಓದುಗನಿಗೆ ವಾಕರಿಕೆ ತರಲೆಂದೇ ಇರಬೇಕು. ನನಗೇನೂ ಅನ್ನಿಸಲಿಲ್ಲ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ನಮ್ಮ ಕೆರೆಗಳಿಗೆ ಬರುತ್ತಿರುವುದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರೇ ತಾನೆ? ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯದೂ ಆಗಬೇಕು ಎಂದು ಇಲ್ಲಿ ಕೂಗುವವರಲ್ಲಿ ನಾನೂ ಒಬ್ಬ. ಆದರೆ ಕೆರೆ ತುಂಬಿದಾಗ ಏರಿಯ ಮೇಲೆ ನಿಂತು ಕಣ್ತುಂಬ ನೋಡಿದವರಲ್ಲೂ ಒಬ್ಬ. ಹೇಸಿಗೆ, ಹಿಗ್ಗು ಎರಡೂ ಒಟ್ಟಿಗಿರುವ ಇಂಥ ಮನಸ್ಸು ಕಾದಂಬರಿಯಲ್ಲಿ ಸಿಗಲಿಲ್ಲ.

ಹೊಡೆದಾಟ, ಚಿತ್ರಹಿಂಸೆ ಅತಿಯಾಯಿತು. ನೀರು ಕಸಿಯಲು ಬಂದೂಕೇ ಬೇಕೆಂದು ಲೇಖಕರು ನಂಬಿದಂತಿದೆ. 1,200 ಅಡಿಯಿಂದ ಎತ್ತಿದ ಮೋಟಾರನ್ನು ನನ್ನ ಅಂಗಡಿಯಲ್ಲಿ ಬಿಚ್ಚಿದರೆ ನೀರಿಲ್ಲದೆ ಓಡಿ ಸುಟ್ಟ ತಾಮ್ರದ ತಂತಿ ಕರಿದಾರದಂತೆ ಕೈಗೆ ಬರುತ್ತದೆ. ಪಕ್ಕದ ಹೊಲದವರು ಇನ್ನೂ ಆಳಕ್ಕೆ ಕೊರೆಸಿದ್ದಾರೆ ಎಂದು ತಂದ ರೈತ ಮೆಲ್ಲಗೆ ಹೇಳುತ್ತಾನೆ. ಆ ಪಕ್ಕದವರು ಅವನ ಸ್ವಂತ ಅಣ್ಣನೇ ಆಗಿರುವುದೂ ಉಂಟು. ನೆಲದಡಿಯ ಈ ಜಗಳ ಪುಸ್ತಕದಲ್ಲಿ ಸುಮ್ಮನೆ ಬಂದು ಹೋಗುತ್ತದೆ.

ಬೈಗುಳ ಧಾರಾಳ, ನಡುನಡುವೆ ಸ್ಪ್ಯಾನಿಷ್ ಮಾತು. ಓಟ ಮಾತ್ರ ಎಲ್ಲೂ ನಿಲ್ಲುವುದಿಲ್ಲ. ಶಾಲೆಯ ಮಕ್ಕಳ ಕೈಗೆ ಕೊಡಬೇಡಿ. ಐದಕ್ಕೆ ಮೂರೂವರೆ, ಆ ಅರ್ಧ ಅಂಕ ಮರಿಯಾಳದು.