ಮೆಹರಾನ್‌ಗಢದ ಜಾನಪದ ಸಂಗೀತೋತ್ಸವಕ್ಕೆ ‘ಪ್ಯಾಕೇಜ್’ ಕೊಳ್ಳುವ ಮುಂಚೆ ಇದನ್ನು ಓದಿ

ಜೋಧಪುರದ ಮೆಹರಾನ್‌ಗಢ ಕೋಟೆಯಲ್ಲಿ ಸೀಗೆ ಹುಣ್ಣಿಮೆಯ ಆಸುಪಾಸಿನಲ್ಲಿ ನಡೆಯುವ ರಾಜಸ್ಥಾನ್ ಇಂಟರ್‌ನ್ಯಾಷನಲ್ ಫೋಕ್ ಫೆಸ್ಟಿವಲ್‌ಗೆ ಹೋಗಬೇಕೆಂದುಕೊಂಡಿರುವವರಿಗಾಗಿ ಈ ಬರಹ. ಎಲ್ಲರ ಬಾಯಲ್ಲೂ ಅದು ‘ರಿಫ್’. 2007ರಿಂದ ನಡೆದುಬಂದಿರುವ ಈ ಉತ್ಸವದ ಮೇಲೆ ಇಲ್ಲಿ ಯಾವ ದೂರೂ ಇಲ್ಲ. ಮರುಭೂಮಿಯ ಸಂಗೀತಗಾರ ಸಮುದಾಯಗಳಾದ ಲಂಗಾ, ಮಾಂಗಣಿಯಾರ್ ಕಲಾವಿದರನ್ನು ಅವರ ನೆಲದಲ್ಲೇ ಕೂತು ಕೇಳಲು ಇಂಥ ಜಾಗ ಇನ್ನೊಂದು ಸಿಗುವುದು ಕಷ್ಟ. ದೂರಿರುವುದು ಅದರ ಹೆಸರು ಹೇಳಿಕೊಂಡು ದುಡ್ಡು ಕೀಳುವ ಮಧ್ಯವರ್ತಿಗಳ ಮೇಲೆ.

ಬೆಂಗಳೂರಿನ ಒಬ್ಬ ಟ್ರಾವೆಲ್ ಏಜೆಂಟನ ಮೂಲಕ ಹೋದ ಒಂದು ಕುಟುಂಬಕ್ಕೆ ಆದದ್ದು ಇಷ್ಟು. ವಾಟ್ಸ್ಯಾಪ್‌ನಲ್ಲಿ ಬಂದ ವೋಚರಿನಲ್ಲಿ ‘ಕೋಟೆ ಪ್ರವೇಶ, ಫೆಸ್ಟಿವಲ್ ಸಮೇತ’ ಎಂಬ ಒಂದೇ ಸಾಲಿತ್ತು. ಅಲ್ಲಿಗೆ ಹೋದ ಮೇಲೆ ಕೈಗೆ ಸಿಕ್ಕಿದ್ದು ಮ್ಯೂಸಿಯಂ ಟಿಕೆಟ್. ಮ್ಯೂಸಿಯಂ ತೆರೆದಿರುವುದು ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ. ಐದಕ್ಕೆ ಎಲ್ಲರ ಜೊತೆ ಹೊರಗೆ ಬಂದರು. ಕತ್ತಲಾದ ಮೇಲೆ ಸಂಗೀತಕ್ಕೆಂದು ಮತ್ತೆ ಏರು ಹತ್ತಿ ಬಂದಾಗ ಬಾಗಿಲಲ್ಲಿ ಉತ್ಸವದ ಪಾಸ್ ಕೇಳಿದರು. ಏಜೆಂಟನ ಫೋನ್ ಸ್ವಿಚ್ ಆಫ್. ಹುಣ್ಣಿಮೆಯ ರಾತ್ರಿ ಗೋಡೆಯಾಚೆಯಿಂದ ಢೋಲಕ್ ಕೇಳುತ್ತಾ ಇಳಿದು ಹೋದರು. ಗೇಟಿನಲ್ಲಿದ್ದವರದು ತಪ್ಪಿಲ್ಲ, ಅವರ ಮುಂದಿದ್ದ ಚೀಟಿ ಬೇರೆಯದೇ ಆಗಿತ್ತು.

ಇಷ್ಟು ಸುಲಭವಾಗಿ ಮೋಸ ನಡೆಯುವುದಕ್ಕೆ ಕಾರಣವಿದೆ. ಕೋಟೆಗೆ ದಿನನಿತ್ಯ ಪ್ರವಾಸಿಗರು ಬರುತ್ತಾರೆ, ಅವರಿಗೆ ಮ್ಯೂಸಿಯಂ ಟಿಕೆಟ್ ಸಾಕು. ಉತ್ಸವದ ಪಾಸ್ ಪ್ರತ್ಯೇಕ, ದರವೂ ಪ್ರತ್ಯೇಕ. ಎರಡರ ನಡುವಿನ ಅಂತರವೇ ಏಜೆಂಟನ ಲಾಭ. ಹಾಗಾಗಿ ಹಣ ಕಟ್ಟುವ ಮುಂಚೆ ಬರಹದಲ್ಲೇ ಕೇಳಿ: ಪಾಸ್ ಯಾವ ದಿನಕ್ಕೆ, ಇಡೀ ಉತ್ಸವಕ್ಕೋ ಒಂದೇ ದಿನಕ್ಕೋ, ನಸುಕಿನ ಸಂಗೀತ ಕಛೇರಿಗೂ ರಾತ್ರಿಯ ಮುಖ್ಯ ಕಾರ್ಯಕ್ರಮಕ್ಕೂ ಸೇರಿ ನಡೆಯುತ್ತದೆಯೋ. ದೃಢೀಕರಣದ ಇಮೇಲ್ ಉತ್ಸವದ ಅಧಿಕೃತ ವಿಳಾಸದಿಂದ ನಿಮ್ಮ ಹೆಸರಿಗೇ ಬರಬೇಕು. ‘ಪಾಸ್ ಅಲ್ಲೇ ಗೇಟಲ್ಲಿ ಕೊಡಿಸ್ತೀವಿ ಸಾರ್’ ಎಂದರೆ ಅಲ್ಲಿಗೆ ಮಾತು ನಿಲ್ಲಿಸಿ. ಯಾರದೋ ಸ್ವಂತ ಖಾತೆಯ ಯುಪಿಐ ಕ್ಯೂಆರ್ ಕಳಿಸಿ, ಬಿಲ್ ಕೇಳಿದರೆ ಜಾರಿಕೊಳ್ಳುವವರ ಹತ್ತಿರ ಹೋಟೆಲ್ಲನ್ನೂ ಬುಕ್ ಮಾಡಿಸಬೇಡಿ. ನಿಜ ಹೇಳಬೇಕೆಂದರೆ ಇದಕ್ಕೆ ಪ್ಯಾಕೇಜೇ ಬೇಕಿಲ್ಲ. ಉತ್ಸವದ ಸ್ವಂತ ವೆಬ್‌ಸೈಟಿನಲ್ಲಿ ಪಾಸ್ ಕೊಂಡು, ರೈಲೋ ವಿಮಾನವೋ ನೀವೇ ಮಾಡಿಸಿಕೊಂಡರೆ ಮುಗಿಯಿತು.

ದಿನಾಂಕದಲ್ಲೂ ಎಡವುವವರಿದ್ದಾರೆ. ಉತ್ಸವ ಹುಣ್ಣಿಮೆಯ ಜೊತೆ ಸರಿಯುತ್ತದೆ. ಆಶ್ವಯುಜ ಹುಣ್ಣಿಮೆ 2024ರಲ್ಲಿ ಅಕ್ಟೋಬರ್ 16ರ ರಾತ್ರಿ ಬಂತು, 2025ರಲ್ಲಿ 6ರ ರಾತ್ರಿಗೇ ಬಂತು. 2026ರಲ್ಲಿ ಅಧಿಕ ಮಾಸ ಇರುವುದರಿಂದ ಅಕ್ಟೋಬರ್ 25ಕ್ಕೆ ಹೋಗುತ್ತದೆ. ಅದೂ ಅಲ್ಲದೆ 2024ರಲ್ಲಿ ಉತ್ಸವ ಹುಣ್ಣಿಮೆಯಂದು ಶುರುವಾಯಿತು, 2025ರಲ್ಲಿ ಹುಣ್ಣಿಮೆಯಂದು ಮುಗಿಯಿತು. ಹೋದ ವರ್ಷದ ಪೋಸ್ಟರ್ ತೋರಿಸಿ ‘ಇದೇ ವಾರ’ ಎನ್ನುವವರನ್ನು ನಂಬಿ ಟಿಕೆಟ್ ಮಾಡಿಸಿದರೆ ಖಾಲಿ ಕೋಟೆ ನೋಡಿಕೊಂಡು ಬರಬೇಕಾದೀತು. ಪಂಚಾಂಗ ನೋಡಿ ರಜೆಗೆ ಅರ್ಜಿ ಹಾಕಬಹುದು, ಆದರೆ ದಿನಾಂಕ ಅಧಿಕೃತವಾಗಿ ಹೊರಬೀಳುವವರೆಗೆ ಹಣ ಕಟ್ಟಬೇಡಿ. ನಮ್ಮ ದಸರಾ ರಜೆಯ ಬೆನ್ನಿಗೇ ಬರುವುದರಿಂದ ವಿಮಾನದ ದರ ಏರಿರುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿ ಮಾರ್ಗವಾಗಿ ಜೋಧಪುರಕ್ಕೆ ಹೋಗುವ ನೇರ ರೈಲು ದಿನವೂ ಇಲ್ಲ, ಕಾಯ್ದಿರಿಸುವಿಕೆ ತೆರೆಯುವುದು 60 ದಿನ ಮುಂಚೆ. ಕೆಲವು ರೈಲುಗಳು ಜೋಧಪುರ ಜಂಕ್ಷನ್ ಬಿಟ್ಟು ಭಗತ್ ಕೀ ಕೋಠಿ ನಿಲ್ದಾಣಕ್ಕೆ ಹೋಗುತ್ತವೆ. ಆಟೋ ಮಾತಾಡುವಾಗ ಅದು ನೆನಪಿರಲಿ.

ಇನ್ನು ‘ಕೋಟೆಯ ಪಕ್ಕದಲ್ಲೇ ರೂಮ್’ ಎಂಬ ಮಾತು. ಮ್ಯಾಪಿನಲ್ಲಿ ನೋಡಿದರೆ ನಾನೂರು ಮೀಟರ್ ಎಂದು ತೋರಿಸುತ್ತದೆ. ಆದರೆ ಕೋಟೆ ನಿಂತಿರುವುದು ಊರಿಗಿಂತ ಸುಮಾರು 120 ಮೀಟರ್ ಎತ್ತರದ ಬಂಡೆಯ ಮೇಲೆ. ಬ್ರಹ್ಮಪುರಿ, ನವಚೌಕಿಯಾ ಕಡೆಯ ನೀಲಿ ಮನೆಗಳ ಓಣಿಯಲ್ಲಿ ಉಳಿದರೆ ಫತೇಹ್ ಪೋಲ್ ಬಾಗಿಲಿಗೆ ಕಾಲ್ನಡಿಗೆಯಲ್ಲೇ ಹತ್ತಬೇಕು. ಆ ಓಣಿಗಳಲ್ಲಿ ಬೈಕ್ ನುಗ್ಗೀತು, ಕಾರು ಬಾರದು. ವಾಹನಗಳು ಬರುವುದು ಈಶಾನ್ಯ ಬದಿಯ ಜಯ ಪೋಲ್‌ಗೆ. ಅಲ್ಲಿಗೆ ಹೋಗುವ ರಸ್ತೆ ಊರನ್ನು ಬಳಸಿಕೊಂಡು ಹೋಗುತ್ತದೆ. ರೂಮ್ ಹಿಡಿಯುವಾಗ ಕೋಟೆ ಎಷ್ಟು ದೂರ ಎಂದು ಕೇಳಬೇಡಿ. ನಡುರಾತ್ರಿಯಲ್ಲಿ ಆಟೋ ಹೋಟೆಲ್ ಬಾಗಿಲಿಗೆ ಬರುತ್ತದೆಯೇ, ನಸುಕಿನ ಕಛೇರಿಗೆ ಹೊರಡಲು ಬೆಳಗಿನ ಜಾವ ನಾಲ್ಕೂವರೆಗೆ ಗೇಟ್ ತೆಗೆದುಕೊಡುತ್ತಾರೆಯೇ ಎಂದು ಕೇಳಿ. ಹಳೇ ಊರಿನ ಮನೆಗಳಲ್ಲಿ ರಾತ್ರಿ ಬೀಗ ಹಾಕಿ ಮಲಗುವ ರೂಢಿಯಿದೆ.

ವಯಸ್ಸಾದ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವವರು ಇನ್ನೂ ಜಾಗ್ರತೆಯಿಂದಿರಬೇಕು. ಒಳಗೆ ಲಿಫ್ಟ್ ಇದೆ ಎಂಬುದು ನಿಜ, ಅದು ಮ್ಯೂಸಿಯಂ ಅಂತಸ್ತಿಗೆ ಹೋಗುವ ಲಿಫ್ಟ್. ಸಂಜೆಯ ಕಾರ್ಯಕ್ರಮ ನಡೆಯುವ ಚೋಕೇಲಾವ್ ಬಾಗ್ ಗೋಡೆಯ ಬುಡದಲ್ಲಿ ತಗ್ಗಿನಲ್ಲಿರುವ ಹಳೆಯ ತೋಟ. ಅಲ್ಲಿಗೆ ಮೆಟ್ಟಿಲಿಳಿಯಬೇಕು, ಮರಳುವಾಗ ಹತ್ತಬೇಕು. ಶತ್ರುಗಳ ಆನೆ ಓಡಿ ಬಂದು ಬಾಗಿಲಿಗೆ ಗುದ್ದದಂತೆ ಕೋಟೆಯ ದಾರಿಯನ್ನು ಕಡಿದಾದ ಏರಿನಲ್ಲಿ ತಿರುವು ಕೊಟ್ಟು ಕಟ್ಟಿದ್ದಾರೆ. ಶತಮಾನಗಳ ಓಡಾಟಕ್ಕೆ ಹಾಸುಗಲ್ಲು ನುಣುಪಾಗಿದೆ. ಚರ್ಮದ ಅಟ್ಟೆಯ ಮೋಜಡಿ ಹಾಕಿಕೊಂಡು ಇಳಿದರೆ ಜಾರುವುದು ಖಂಡಿತ. ಹಿಡಿತವಿರುವ ರಬ್ಬರ್ ಅಟ್ಟೆಯ ಷೂ ಮತ್ತು ಒಂದು ಸಣ್ಣ ಟಾರ್ಚ್ ಇರಲಿ. ಮಂಡಿನೋವಿರುವವರಿಗೆ ಹಗಲಿನ ಹೊತ್ತು ಅಂಗಳಗಳಲ್ಲಿ ನಡೆಯುವ ಸಣ್ಣ ಗೋಷ್ಠಿಗಳೇ ಮೇಲು.

ಎಲ್ಲಕ್ಕಿಂತ ಬೇಸರದ ಸಂಗತಿ, ಇಷ್ಟು ದೂರ ಹೋಗಿ ಜಸ್ವಂತ್ ಥಡಾದ ನಸುಕಿನ ಕಛೇರಿ ತಪ್ಪಿಸಿಕೊಳ್ಳುವುದು. ಪ್ಯಾಕೇಜಿನವರು ರಾತ್ರಿಯ ಅಬ್ಬರದ ಕಾರ್ಯಕ್ರಮವನ್ನೇ ತೋರಿಸಿ ಮಾರುತ್ತಾರೆ. ಮಧ್ಯರಾತ್ರಿ ದಾಟಿ ಮಲಗಿದವರು ನಾಲ್ಕಕ್ಕೆ ಏಳುವುದಿಲ್ಲ. ಎರಡರಲ್ಲಿ ಒಂದೇ ಸಾಧ್ಯ ಎಂದಾದರೆ ರಾತ್ರಿಯದನ್ನು ಅರ್ಧಕ್ಕೆ ಬಿಟ್ಟು ಬಂದು ಮಲಗಿ. ಜಸ್ವಂತ್ ಥಡಾ 1899ರಲ್ಲಿ ಕಟ್ಟಿದ ಬಿಳಿ ಅಮೃತಶಿಲೆಯ ಸ್ಮಾರಕ, ಕೋಟೆಯಿಂದ ಸುಮಾರು ಒಂದು ಕಿಲೋಮೀಟರ್. ಅಕ್ಟೋಬರ್ ನಡುವಿನಲ್ಲಿ ಅಲ್ಲಿ ಸೂರ್ಯ ಮೂಡುವುದು ಆರೂವರೆ ದಾಟಿದ ಮೇಲೆ, ಬೆಂಗಳೂರಿಗಿಂತ ಹೆಚ್ಚುಕಡಿಮೆ ಅರ್ಧ ಗಂಟೆ ತಡವಾಗಿ. ಸಂಗೀತ ಕತ್ತಲಲ್ಲೇ ಶುರುವಾಗುತ್ತದೆ. ಆ ಹೊತ್ತಿನಲ್ಲಿ ಆಟೋ ಸಿಗುತ್ತದೆಂದು ನೆಚ್ಚಬೇಡಿ, ಹಿಂದಿನ ಸಂಜೆಯೇ ಹೋಗಿಬರುವ ಬಾಡಿಗೆ ಮಾತಾಡಿ, ನಂಬರ್ ತೆಗೆದುಕೊಳ್ಳಿ, ಆದರೆ ಪೂರ್ತಿ ಹಣ ಮುಂಗಡ ಕೊಡಬೇಡಿ. ಹಗಲು 35 ಡಿಗ್ರಿ ಇರುವ ಊರಿನಲ್ಲಿ ಕಲ್ಲು ರಾತ್ರಿಯಿಡೀ ಆರಿ ತಣ್ಣಗಾಗಿರುತ್ತದೆ. ನೆಲದ ಮೇಲೆ ಕೂರುವುದಾದ್ದರಿಂದ ಹೊದೆಯಲೊಂದು ಶಾಲು, ಮಡಚಿ ಹಾಕಿಕೊಳ್ಳಲೊಂದು ದಪ್ಪ ಬಟ್ಟೆ ಬೇಕು.

ಹತ್ತಿರ ಕೂತರೆ ಮಾತ್ರ ಕಾಣುವುದೊಂದಿದೆ. ಮಾಂಗಣಿಯಾರರ ಕಮಾಯಿಚಾ ಮಾವಿನ ಮರದ ಒಂದೇ ತುಂಡಿನಲ್ಲಿ ಕೊರೆದ ವಾದ್ಯ. ದುಂಡನೆಯ ಬುರುಡೆಗೆ ಮೇಕೆಯ ಚರ್ಮ, ಮೇಲೆ ಕರುಳಿನಿಂದ ಮಾಡಿದ ಮೂರು ಮುಖ್ಯ ತಂತಿಗಳು, ಜೊತೆಗೆ ಅನುರಣನೆಗೆ ಲೋಹದ ತಂತಿಗಳು. ಚರ್ಮವೂ ಕರುಳೂ ಹವೆಗೆ ತಕ್ಕಂತೆ ಬಿಗಿಯುತ್ತವೆ, ಸಡಿಲಾಗುತ್ತವೆ. ಬಿಸಿಲೇರುತ್ತಿದ್ದಂತೆ ಶ್ರುತಿ ಸರಿಯುತ್ತದೆ. ಎರಡು ಹಾಡುಗಳ ನಡುವೆ ಕಲಾವಿದರು ತಲೆ ಬಾಗಿಸಿ ಬಿರಡೆ ತಿರುವುತ್ತಾ, ಕಮಾನನ್ನು ಮೆಲ್ಲಗೆ ಎಳೆದು ನೋಡುತ್ತಾ ಕೂರುತ್ತಾರೆ. ‘ಇನ್ನೂ ಶುರುವಾಗಿಲ್ಲ’ ಎಂದು ಮಾತಿಗಿಳಿಯುವವರು, ಎದ್ದು ನಿಂತು ಮುಖದ ಮೇಲೆ ಫ್ಲ್ಯಾಷ್ ಹಾಕುವವರು ಆ ಹೊತ್ತಿಗೇ. ದಯವಿಟ್ಟು ಬೇಡ. ಆ ಶ್ರುತಿಯ ಮೇಲೆಯೇ ಮುಂದಿನ ಹಾಡು ನಿಲ್ಲಬೇಕು.

ರಾತ್ರಿ ಕಾರ್ಯಕ್ರಮ ಮುಗಿದ ಕೂಡಲೇ ಬಾಗಿಲಿನತ್ತ ನುಗ್ಗಬೇಡಿ. ಇದೇ ಕೋಟೆಯೊಳಗಿನ ಚಾಮುಂಡಾ ದೇವಿ ಗುಡಿಯ ದಾರಿಯಲ್ಲಿ 2008ರ ಸೆಪ್ಟೆಂಬರ್ 30ರಂದು, ನವರಾತ್ರಿಯ ಮೊದಲ ದಿನ, ನೂಕುನುಗ್ಗಲಿನಲ್ಲಿ 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅದು ಉತ್ಸವಕ್ಕೆ ಸಂಬಂಧವಿಲ್ಲದ ದುರಂತ. ಆದರೆ ಇಕ್ಕೆಲದಲ್ಲೂ ಗೋಡೆ, ಕಾಲಡಿ ಇಳಿಜಾರು ಇರುವ ಜಾಗದಲ್ಲಿ ಮುಂದಿದ್ದವರು ಮುಗ್ಗರಿಸಿದರೆ ಹಿಂದಿನವರು ನಿಲ್ಲಲಾರರು. ಹದಿನೈದು ಇಪ್ಪತ್ತು ನಿಮಿಷ ಕೂತಲ್ಲೇ ಕೂತಿದ್ದು ಆಮೇಲೆ ಹೊರಡಿ. ಮಕ್ಕಳನ್ನು ಗೋಡೆಯ ಬದಿಗಿಟ್ಟುಕೊಂಡು ನಡೆಯಿರಿ. ನವರಾತ್ರಿಯ ದಿನಗಳಲ್ಲೇ ಜೋಧಪುರ ತಲುಪುವವರು ಕೋಟೆ ನೋಡುವುದನ್ನು ಹಬ್ಬ ಮುಗಿದ ಮೇಲಕ್ಕೆ ಇಟ್ಟುಕೊಂಡರೆ ಒಳ್ಳೆಯದು.

ಪ್ಯಾಕೇಜಿನ ಕೊನೆಗೆ ಅಂಟಿಸುವ ‘ಮರಳುಗಾಡಿನಲ್ಲಿ ಅಸಲಿ ಮಾಂಗಣಿಯಾರ್ ರಾತ್ರಿ’ಯನ್ನು ತೆಗೆಸಿಬಿಡಿ. ಬಹುಪಾಲು ಅಲ್ಲಿ ಸಿಗುವುದು ಬೆಂಕಿ, ಬಫೆ, ಸಿನಿಮಾ ಹಾಡು. ಹಾಡುವವರ ಕೈಗೆ ಏನು ಸೇರುತ್ತದೆಂದು ಕೇಳಿದರೆ ಉತ್ತರ ಬರುವುದಿಲ್ಲ. ಈ ಸಂಗೀತಗಾರರು ತಲೆಮಾರುಗಳಿಂದ ತಮ್ಮ ಜಜಮಾನರ, ಅಂದರೆ ಪೋಷಕ ಕುಟುಂಬಗಳ, ಮನೆಗಳ ಹುಟ್ಟು, ಮದುವೆಗಳಿಗೆ ಹಾಡುತ್ತಾ ಅವರ ವಂಶಾವಳಿ ಕಾಪಾಡಿಕೊಂಡು ಬಂದವರು. ಆ ಅರ್ಧ ದಿನವನ್ನು ಮೋಕಲಾವಾಸ್ ಹತ್ತಿರದ ಅರ್ನಾ ಝರ್ನಾ ಮರುಭೂಮಿ ಮ್ಯೂಸಿಯಂಗೆ ಕೊಡಿ. ಜಾನಪದ ವಿದ್ವಾಂಸ ಕೋಮಲ್ ಕೊಠಾರಿ (1929–2004) ಅವರ ಕನಸಿನಿಂದ ಹುಟ್ಟಿದ ಜಾಗ ಅದು. ಬರೀ ಪೊರಕೆಗಳ ಮೂಲಕ ಮರುಭೂಮಿಯ ಬದುಕನ್ನು ತೋರಿಸುವ ಅಲ್ಲಿನ ಸಂಗ್ರಹ ನೋಡಲೇಬೇಕಾದದ್ದು.

ಈಗಾಗಲೇ ಹಣ ಕಳೆದುಕೊಂಡಿದ್ದರೆ ಸುಮ್ಮನಿರಬೇಡಿ. ಆನ್‌ಲೈನ್ ವಂಚನೆಯಾದರೆ ಗೊತ್ತಾದ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ. ಕಾರ್ಡಿನಲ್ಲಿ ಕಟ್ಟಿದ್ದರೆ ಬ್ಯಾಂಕಿಗೆ ಬರೆದು ಚಾರ್ಜ್‌ಬ್ಯಾಕ್ (ಕಟ್ಟಿದ ಹಣದ ವಾಪಸಾತಿ) ಕೇಳಿ. ಹೇಳಿದ ಸೇವೆ ಕೊಡದ ಏಜೆಂಟರ ಮೇಲೆ ಮೊದಲು 1915 ಗ್ರಾಹಕ ಸಹಾಯವಾಣಿ, ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರನ್ನು ನೀವು ವಾಸವಿರುವ ಊರಿನಲ್ಲೇ ಕೊಡಬಹುದು, ಜೋಧಪುರಕ್ಕೆ ಅಲೆಯಬೇಕಿಲ್ಲ. ಕಟ್ಟಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ವೋಚರ್, ಪಾವತಿಯ ರಸೀದಿ, ವಾಟ್ಸ್ಯಾಪ್ ಮಾತುಕತೆಯ ಸ್ಕ್ರೀನ್‌ಶಾಟ್, ಗೇಟಿನಲ್ಲಿ ಕೈಗೆ ಬಂದ ಮ್ಯೂಸಿಯಂ ಟಿಕೆಟ್, ನಾಲ್ಕನ್ನೂ ಎಸೆಯದೆ ಇಟ್ಟುಕೊಂಡಿರಿ.