ಮೆಗ್ನೀಸಿಯಂ ಬೆಂಕಿಗೆ ಯಾವುದು: ಎಬಿಸಿ ಪುಡಿ, ಮರಳು, ಕ್ಲಾಸ್ ಡಿ?

ಮನೆಯ ವರ್ಕ್‌ಶಾಪಿನಲ್ಲಿ ಲೇತ್ ಇಟ್ಟುಕೊಂಡವರು ಗೋಡೆಗೆ ಒಂದು ಎಬಿಸಿ ಸಿಲಿಂಡರ್ (ಸಾಮಾನ್ಯ ಬೆಂಕಿ ಆರಿಸುವ ಪುಡಿಯದು) ತೂಗುಹಾಕಿ ನಿಶ್ಚಿಂತರಾಗಿಬಿಡುತ್ತಾರೆ. ಮರ, ಎಣ್ಣೆ, ವೈರಿಂಗ್ ಹೊತ್ತಿಕೊಂಡರೆ ಅದು ಸಾಕು. ಲೇತಿನಲ್ಲಿ ಕಡೆಯುವಾಗ ಉದುರುವ ಮೆಗ್ನೀಸಿಯಂ ಚೂರಿಗೆ ಸಾಲದು. ಬಯಲಲ್ಲಿ, ಒಣ ಉಕ್ಕಿನ ತಟ್ಟೆಯ ಮೇಲೆ, ವೆಲ್ಡಿಂಗ್ ಗಾಜು ಹಾಕಿಕೊಂಡು, ಚಿಟಿಕೆಯಷ್ಟೇ ಚೂರು ಉರಿಸಿ ಒಂದೊಂದನ್ನೂ ನೋಡಿದ್ದೇನೆ.

ಎಬಿಸಿ ಪುಡಿಯ ರಭಸಕ್ಕೆ ಉರಿಯುವ ಚೂರುಗಳೇ ಚೆಲ್ಲಾಪಿಲ್ಲಿಯಾದವು, ಬಿದ್ದಲ್ಲೆಲ್ಲ ಉರಿದವು. ನೀರು, ಇಂಗಾಲದ ಡೈಆಕ್ಸೈಡ್ ಎರಡನ್ನೂ ನಾನು ಪ್ರಯೋಗಿಸಲಿಲ್ಲ, ನೀವೂ ಮಾಡಬೇಡಿ. ಕಾದ ಮೆಗ್ನೀಸಿಯಂ ನೀರಿನಿಂದ ಆಮ್ಲಜನಕ ಕಸಿದುಕೊಂಡು ಜಲಜನಕ ಬಿಡುತ್ತದೆ. ಇಂಗಾಲದ ಡೈಆಕ್ಸೈಡಿನಲ್ಲೂ ಉರಿಯುತ್ತಲೇ ಇರುತ್ತದೆ, ಕಪ್ಪು ಇಂಗಾಲ ಉಳಿಯುತ್ತದೆ. ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ.

ಮರಳು ಅಗ್ಗ, ಕೆಲಸವನ್ನೂ ಮಾಡಿತು, ಆದರೆ ನಿಧಾನ. ಬಿಸಿ ಏರಿದರೆ ಮೆಗ್ನೀಸಿಯಂ ಮರಳಿನ ಸಿಲಿಕಾದಿಂದಲೂ ಆಮ್ಲಜನಕ ಎಳೆಯಬಲ್ಲದು. ಅದಕ್ಕಿಂತ ದೊಡ್ಡ ಚಿಂತೆ ತೇವ: ಹಸಿ ಮರಳು ಬಿದ್ದರೆ ಆವಿ, ಜಲಜನಕ ಸಿಡಿಯುತ್ತವೆ. ಆದ್ದರಿಂದ ಮರಳನ್ನು ಚೆನ್ನಾಗಿ ಹುರಿದು ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ತೆರೆದ ಬಕೆಟ್ಟಿನ ಮರಳನ್ನು ನಾನು ನಂಬುವುದಿಲ್ಲ.

ನನ್ನ ಆಯ್ಕೆ ಕ್ಲಾಸ್ ಡಿಯ, ಅಂದರೆ ಲೋಹದ ಬೆಂಕಿಗೆಂದೇ ಇರುವ, ಉಪ್ಪಿನ ಪುಡಿ. ಅದರ ಮುಖ್ಯ ಅಂಶ ಸೋಡಿಯಂ ಕ್ಲೋರೈಡ್. ಬೆಂಕಿಯ ಶಾಖಕ್ಕೆ ಗಟ್ಟಿ ಪದರವಾಗಿ ಕಟ್ಟಿಕೊಂಡು ಗಾಳಿಯನ್ನು ತಡೆಯುತ್ತದೆ. ಇದು ಸಿಲಿಂಡರಿನಲ್ಲೂ ಸಿಗುತ್ತದೆ, ಬಿಡಿಯಾಗಿ ಡಬ್ಬಿಯಲ್ಲೂ ಸಿಗುತ್ತದೆ. ಸಿಲಿಂಡರಿನ ಉದ್ದ ಕೊಳವೆ ಪುಡಿಯನ್ನು ಮೆತ್ತಗೆ ಸುರಿಸುತ್ತದೆ, ದೂರ ನಿಲ್ಲಬಹುದು. ಆದರೆ ಭಾರ, ದುಬಾರಿ. ಲೇತಿನ ತಟ್ಟೆಯಲ್ಲಿ ಹೊತ್ತಿದ ಸಣ್ಣ ರಾಶಿಗೆ ಉದ್ದ ಹಿಡಿಯ ಸಲಿಕೆಯೊಂದಿಗೆ ಬಿಡಿ ಪುಡಿಯೇ ಮೇಲು. ಅಂಚಿನಿಂದ ನಿಧಾನವಾಗಿ ಮುಚ್ಚುತ್ತ ಬಂದರೆ ಒಂದು ಚೂರೂ ಹಾರುವುದಿಲ್ಲ. ಮುಚ್ಚಿದ ಮೇಲೆ ಪೂರ್ತಿ ತಣಿಯುವವರೆಗೆ ಕೆದಕಬೇಡಿ. ಪದರ ಒಡೆದರೆ ಮತ್ತೆ ಹೊತ್ತುತ್ತದೆ.

ಲಿಥಿಯಂ ಲೋಹಕ್ಕೆ ತಾಮ್ರದ ಅಥವಾ ಗ್ರಾಫೈಟ್ ಪುಡಿ ಬೇಕು. ಡ್ರಿಲ್ಲಿನ ಲಿಥಿಯಂ ಅಯಾನ್ ಬ್ಯಾಟರಿಯ ಬೆಂಕಿ ಬೇರೆಯದೇ ಜಾತಿ, ಈ ಪುಡಿಗಳನ್ನು ಅದಕ್ಕೆಂದು ಕೊಳ್ಳಬೇಡಿ.

ಡಬ್ಬಿಯನ್ನು ಬಾಗಿಲ ಬಳಿ ಇಡಿ, ಯಂತ್ರದ ಹಿಂದೆ ಅಲ್ಲ. ಎಬಿಸಿಯೂ ಇರಲಿ, ಮರದ ಮೇಜಿಗೆ ಬೇಕು. ದೊಡ್ಡ ರಾಶಿಯೇ ಹೊತ್ತಿಕೊಂಡರೆ ಇದ್ಯಾವುದಕ್ಕೂ ಕೈ ಹಾಕದೆ ಹೊರಗೆ ಬನ್ನಿ. ಅಗ್ನಿಶಾಮಕ ದಳಕ್ಕೆ ಮೊದಲ ಮಾತಿನಲ್ಲೇ ಉರಿಯುತ್ತಿರುವುದು ಮೆಗ್ನೀಸಿಯಂ ಎಂದು ಹೇಳಿ, ಇಲ್ಲದಿದ್ದರೆ ಅವರು ನೀರು ಹಾಯಿಸಿಯಾರು.