ಸ್ವತಃ ಕಟ್ಟಿಕೊಂಡ ಕ್ಯಾಂಪರ್ ವ್ಯಾನಿನಲ್ಲಿ ಯುರೋಪ್: ದೀರ್ಘ ಬಳಕೆಯ ನಂತರದ ವಿಮರ್ಶೆ, ಖರ್ಚಿನ ಲೆಕ್ಕ ಸಹಿತ

ಜರ್ಮನಿಯಲ್ಲಿ ಕೊಂಡ ಹಳೆಯ ಫಿಯೆಟ್ ಡುಕಾಟೊ ಸರಕು ವ್ಯಾನಿನೊಳಗೆ ಹಾಸಿಗೆ, ಅಡುಗೆಕಟ್ಟೆ, ಬ್ಯಾಟರಿಗಳನ್ನು ನಾವೇ ಕೂರಿಸಿ, ಪೋರ್ಚುಗಲ್‌ನಿಂದ ಅಲ್ಬೇನಿಯಾದವರೆಗೆ ಬೇರೆ ಬೇರೆ ಋತುಗಳಲ್ಲಿ ಗಂಡಹೆಂಡತಿ ಇಬ್ಬರೂ ಅದರಲ್ಲೇ ವಾಸ ಮಾಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಇಂಥ ಗಾಡಿಯ ಬಗ್ಗೆ ವಿಚಾರಿಸುವ ಬಂಧುಮಿತ್ರರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ: ಕಟ್ಟಲು ಎಷ್ಟಾಯಿತು, ದಿನಕ್ಕೆ ಎಷ್ಟು ಖರ್ಚಾಗುತ್ತದೆ. ಇವೆರಡನ್ನೂ ಬೇರೆ ಬೇರೆ ಲೆಕ್ಕವೆಂದು ಎಣಿಸುವುದರಿಂದಲೇ ಬಹಳ ಜನರ ಬಜೆಟ್ ಕೈಮೀರುತ್ತದೆ ಎಂಬುದು ನನ್ನ ಅಭಿಪ್ರಾಯ. ದಿನದ ಖರ್ಚಿನ ಬಹುಪಾಲು, ಹಲಗೆ ಕೊಯ್ಯುವ ಮೊದಲು ಮಾಡಿದ ಆಯ್ಕೆಗಳಲ್ಲೇ ತೀರ್ಮಾನವಾಗಿರುತ್ತದೆ.

ಮೊದಲನೆಯದು ಅಳತೆ. ನಾವು ಆರಿಸಿಕೊಂಡದ್ದು 5.41 ಮೀಟರ್ ಉದ್ದದ, ಸುಮಾರು ಎರಡೂವರೆ ಮೀಟರ್ ಎತ್ತರದ ಮಾದರಿ. ಇದೇ ಗಾಡಿ ಆರು ಮೀಟರ್ ಉದ್ದದಲ್ಲೂ ಸಿಗುತ್ತದೆ, ಅದರಲ್ಲಿ ಸ್ನಾನದ ಜಾಗಕ್ಕೂ ಅವಕಾಶವಿದೆ. ಆದರೆ ಅನೇಕ ಹಡಗು ಕಂಪನಿಗಳು ಗಾಡಿಯ ಉದ್ದ ಮತ್ತು ಎತ್ತರ ನೋಡಿ ದರ ನಿಗದಿ ಮಾಡುತ್ತವೆ; ಹಳೆಯ ಊರುಗಳ ನಿಲುಗಡೆಯ ಗೆರೆಗಳೊಳಗೆ ಚಿಕ್ಕ ಗಾಡಿ ಮಾತ್ರ ಹಿಡಿಸುತ್ತದೆ. ಡುಕಾಟೊದ ಒಳ ಅಗಲ ಸುಮಾರು 1.87 ಮೀಟರ್ ಇರುವುದರಿಂದ, ಶಾಖನಿರೋಧಕ ಹಾಳೆ ಮತ್ತು ಒಳ ಹಲಗೆ ಬಡಿದ ಮೇಲೂ ಹಾಸಿಗೆಯನ್ನು ಅಡ್ಡಲಾಗಿ ಹಾಕಬಹುದು. ಐದೂವರೆ ಅಡಿ ಎತ್ತರದ ನಮ್ಮಂಥವರಿಗೆ ಇದು ವರವೇ ಸರಿ. ಆರಡಿ ದಾಟಿದ ನಮ್ಮ ಜರ್ಮನ್ ಸ್ನೇಹಿತರು ಹಾಸಿಗೆಯನ್ನು ಉದ್ದಕ್ಕೆ ಹಾಕಬೇಕಾಗಿ ಬಂದು, ದೊಡ್ಡ ಗಾಡಿಯನ್ನೇ ಕೊಳ್ಳಬೇಕಾಯಿತು.

ಎರಡನೆಯದು ತೂಕ. ಸಾಮಾನ್ಯ ಕಾರಿನ ಲೈಸೆನ್ಸಿಗೆ 3,500 ಕಿಲೋ ಮಿತಿಯಿದೆ. ಖಾಲಿ ವ್ಯಾನೇ ಎರಡು ಟನ್ನಿನ ಹತ್ತಿರ ತೂಗುತ್ತದೆ. ಅದಕ್ಕೆ ಪೀಠೋಪಕರಣ, ನೂರು ಲೀಟರ್ ನೀರು, ಸೈಕಲ್, ಇಬ್ಬರು ಮನುಷ್ಯರು, ಮನೆಯಿಂದ ಹೊತ್ತು ತಂದ ಅಕ್ಕಿ ಮತ್ತು ರಾಗಿಹಿಟ್ಟು ಸೇರಿದರೆ ಮಿತಿ ಅಂದುಕೊಂಡದ್ದಕ್ಕಿಂತ ಬೇಗ ಹತ್ತಿರವಾಗುತ್ತದೆ. ಅಧಿಕೃತ ತೂಕ 3.5 ಟನ್ ಮೀರಿದ ಗಾಡಿಗೆ ಆಸ್ಟ್ರಿಯಾದ ಹೆದ್ದಾರಿಯಲ್ಲಿ ಅಗ್ಗದ ವಿನ್ಯೆಟ್ (ನಿಗದಿತ ಅವಧಿಗೆ ಒಮ್ಮೆಗೇ ಕಟ್ಟುವ ಹೆದ್ದಾರಿ ಶುಲ್ಕ) ಸಲ್ಲುವುದಿಲ್ಲ. ಕಿಲೋಮೀಟರ್ ಲೆಕ್ಕದಲ್ಲಿ ಹಣ ಕಡಿಯುವ ಪೆಟ್ಟಿಗೆ ಇಟ್ಟುಕೊಳ್ಳಬೇಕು. ಹೊರಡುವ ಮುನ್ನ ಎಲ್ಲ ಸಾಮಾನು ತುಂಬಿ, ಸಾರ್ವಜನಿಕ ವೇಬ್ರಿಡ್ಜಿನ ಮೇಲೆ ಗಾಡಿಯನ್ನು ನಿಲ್ಲಿಸಿ ನೋಡುವುದಕ್ಕೆ ಆಗುವ ಅಲ್ಪ ಖರ್ಚಿನಲ್ಲಿ ಕೈ ಬಿಗಿ ಹಿಡಿಯಬಾರದು.

ನೋಂದಣಿಯ ವಿಷಯವನ್ನೂ ಇಲ್ಲೇ ಹೇಳಬೇಕು. ಜರ್ಮನಿಯಲ್ಲಿ ಸರಕು ಗಾಡಿಯನ್ನು ವಾಸದ ಗಾಡಿಯೆಂದು ಬದಲಾಯಿಸಿಕೊಳ್ಳಲು ಮಲಗುವ ಜಾಗ, ಮೇಜು ಮತ್ತು ಆಸನ, ಅಡುಗೆಯ ವ್ಯವಸ್ಥೆ, ಕಪಾಟು ಇವು ಇರಬೇಕು, ಭದ್ರವಾಗಿ ಜೋಡಿಸಿರಬೇಕು, ಪರೀಕ್ಷಕರು ಒಪ್ಪಬೇಕು. ಈ ಕಾಗದಪತ್ರದ ಲಾಭ ವಿಮೆಯಲ್ಲಿ ಮಾತ್ರವಲ್ಲ, ಗಡಿಯಾಚೆಯೂ ಸಿಗುತ್ತದೆ: ಸ್ಲೊವೇನಿಯಾದಲ್ಲಿ ಎತ್ತರದ ಸರಕು ವ್ಯಾನುಗಳು ಹೆದ್ದಾರಿ ಶುಲ್ಕದ ದುಬಾರಿಯಾದ 2ಬಿ ವರ್ಗಕ್ಕೆ ಸೇರಿದರೆ, ವಾಸದ ಗಾಡಿಗಳು ಎತ್ತರ ಎಷ್ಟೇ ಇದ್ದರೂ 2ಎ ವರ್ಗದಲ್ಲೇ ಉಳಿಯುತ್ತವೆ.

ನಾನು ಅತಿ ಹೆಚ್ಚು ಒತ್ತು ಕೊಟ್ಟು ಹೇಳಬಯಸುವುದು ಅಡುಗೆಯ ಇಂಧನದ ಬಗ್ಗೆ, ಏಕೆಂದರೆ ಈ ಕುರಿತು ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಬ್ರೆಡ್ಡು ಮತ್ತು ಪಾಸ್ತಾ ತಿನ್ನುವವರು ಕೊಟ್ಟವು. ಯುರೋಪಿನಲ್ಲಿ ಗ್ಯಾಸ್ ಸಿಲಿಂಡರು ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯ ಬೂದು ಬಣ್ಣದ ಸಿಲಿಂಡರನ್ನು ಸ್ಪೇನಿನಲ್ಲಿ ಕೊಟ್ಟು ತುಂಬಿದ್ದನ್ನು ತೆಗೆದುಕೊಳ್ಳಲಾಗದು, ರೆಗ್ಯುಲೇಟರೂ ಹೊಂದುವುದಿಲ್ಲ. ಬಹುತೇಕ ಎಲ್ಲೆಡೆ ಸಿಗುವ ಕ್ಯಾಂಪಿಂಗಾಸ್‌ನ 2.75 ಕಿಲೋ ನೀಲಿ ಸಿಲಿಂಡರು ಕಿಲೋ ಲೆಕ್ಕದಲ್ಲಿ ದುಬಾರಿ. ಬಂಕಿನಲ್ಲಿ ತುಂಬಿಸಿಕೊಳ್ಳಬಹುದಾದ ಎಲ್‌ಪಿಜಿ ಟ್ಯಾಂಕು ಒಳ್ಳೆಯ ಪರಿಹಾರವೇ ಆದರೂ ದೇಶಕ್ಕೆ ತಕ್ಕ ಅಡಾಪ್ಟರುಗಳು ಬೇಕು, ಎರಡು ವರ್ಷಕ್ಕೊಮ್ಮೆ ಗ್ಯಾಸ್ ವ್ಯವಸ್ಥೆಯ ತಪಾಸಣೆಯನ್ನೂ ಮಾಡಿಸಬೇಕು. ಇದೆಲ್ಲವನ್ನೂ ತೂಗಿ ನೋಡಿ ನಾವು ಗ್ಯಾಸನ್ನೇ ಕೈಬಿಟ್ಟು, 200 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಇನ್ವರ್ಟರ್ ಮತ್ತು ಇಂಡಕ್ಷನ್ ಒಲೆಯನ್ನು ನಂಬಿಕೊಂಡೆವು.

ಈ ಬ್ಯಾಟರಿಯಲ್ಲಿ ಸುಮಾರು ಎರಡೂವರೆ ಯೂನಿಟ್ ವಿದ್ಯುತ್ ಹಿಡಿಯುತ್ತದೆ. ಕಂಪ್ರೆಸರ್ ಫ್ರಿಜ್ಜಿಗೆ ದಿನಕ್ಕೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಕಡಿಮೆ ಸಾಕು. ಸಾವಿರ ವ್ಯಾಟ್‌ನಲ್ಲಿ ಕಾಲು ಗಂಟೆ ಇಟ್ಟ ಬೇಳೆಗೆ ಕಾಲು ಯೂನಿಟ್. ಅನ್ನ, ಪಲ್ಯ, ಎರಡು ಹೊತ್ತಿನ ಕಾಫಿ ಸೇರಿದರೆ ದಿನದ ಒಟ್ಟು ಬಳಕೆ ಒಂದೂವರೆ ಯೂನಿಟ್ ಆಸುಪಾಸಿಗೆ ಬರುತ್ತದೆ. ಎಂಜಿನ್ ಓಡುವಾಗ ಚಾರ್ಜ್ ಮಾಡುವ 30 ಆಂಪಿಯರ್ ಚಾರ್ಜರ್ ಗಂಟೆಗೆ ಸುಮಾರು 0.4 ಯೂನಿಟ್ ತುಂಬುತ್ತದೆ, ಬೇಸಿಗೆಯಲ್ಲಿ ದಕ್ಷಿಣದ ಬಿಸಿಲು ಉಳಿದದ್ದನ್ನು ಕೊಡುತ್ತದೆ. ನವೆಂಬರಿನ ಜರ್ಮನಿಯಲ್ಲಿ ಸೋಲಾರ್ ಫಲಕ ಹೆಸರಿಗಷ್ಟೇ ಇರುತ್ತದೆ. ಆಗ ಪ್ರತಿದಿನ ಗಾಡಿ ಓಡಿಸಬೇಕು, ಇಲ್ಲವೇ ವಿದ್ಯುತ್ ಇರುವ ಕ್ಯಾಂಪಿಂಗ್ ಜಾಗಕ್ಕೆ ಹಣ ಕೊಡಬೇಕು. ಬಜೆಟ್ ಹಾಕುವವರು ಚಳಿಗಾಲದ ಈ ಹಣವನ್ನು ಬ್ಯಾಟರಿಯ ಖರ್ಚೆಂದೇ ಬರೆದುಕೊಳ್ಳುವುದು ಒಳ್ಳೆಯದು. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದಾದ್ದರಿಂದ ಅದನ್ನು ಹಾಸಿಗೆಯ ಕೆಳಗೆ, ಶಾಖನಿರೋಧಕದ ಒಳಗೇ ಇಟ್ಟಿದ್ದೇವೆ.

ಎರಡು ಲೀಟರಿನ ಕುಕ್ಕರ್ ಈ ಗಾಡಿಯಲ್ಲಿನ ಅತ್ಯುತ್ತಮ ಹೂಡಿಕೆ. ಮುಚ್ಚಿ ಬೇಯಿಸಿದಷ್ಟೂ ವಿದ್ಯುತ್ತೂ ಉಳಿಯುತ್ತದೆ, ಗೋಡೆಯ ಮೇಲೆ ಇಳಿಯುವ ಹಬೆಯೂ ಕಡಿಮೆಯಾಗುತ್ತದೆ. ಒಗ್ಗರಣೆ ಹಾಕುವಾಗ ಮಾತ್ರ ಛಾವಣಿಯ ಫ್ಯಾನ್ ಹಾಕುವುದು ಕಡ್ಡಾಯ, ಹೊಗೆ ಪತ್ತೆಯ ಯಂತ್ರಕ್ಕೆ ಸಾಸಿವೆಯ ಪರಿಚಯವಿಲ್ಲ.

ಯೋಜನೆಯಲ್ಲಿ ಹಣಕ್ಕಿಂತ ಬಿಗಿಯಾದ ಇನ್ನೊಂದು ಮಿತಿ ದಿನಗಳದು. ಭಾರತೀಯ ಪಾಸ್‌ಪೋರ್ಟ್ ಮತ್ತು ಜರ್ಮನಿಯ ನಿವಾಸ ಪರವಾನಗಿ ಇರುವವರು ಉಳಿದ ಷೆಂಗೆನ್ (ತಮ್ಮ ನಡುವಿನ ಗಡಿ ತಪಾಸಣೆ ತೆಗೆದುಹಾಕಿದ) ದೇಶಗಳಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಮಾತ್ರ ಇರಬಹುದು. ಜರ್ಮನಿಯೊಳಗಿನ ದಿನಗಳು ಇದಕ್ಕೆ ಲೆಕ್ಕವಿಲ್ಲ. ಹಿಂದೆ ಕ್ರೊಯೇಷಿಯಾ, ರೊಮೇನಿಯಾ, ಬಲ್ಗೇರಿಯಾಗಳಲ್ಲಿ ಕಳೆದ ದಿನಗಳು ಎಣಿಕೆಗೆ ಬರುತ್ತಿರಲಿಲ್ಲ. ಕ್ರೊಯೇಷಿಯಾ 2023ರಲ್ಲಿ ಷೆಂಗೆನ್ ಸೇರಿತು. 2024ರ ಮಾರ್ಚ್ ಕೊನೆಯಿಂದ ಉಳಿದೆರಡರಲ್ಲಿನ ದಿನಗಳೂ ಎಣಿಕೆಗೆ ಸೇರಿ ಆ ದಾರಿ ಪೂರ್ತಿ ಮುಚ್ಚಿತು; 2025ರ ಜನವರಿಯಲ್ಲಿ ಅವುಗಳ ಭೂಗಡಿಗಳೂ ತೆರೆದವು. ನಾವು ಹೋದಾಗ ಅಲ್ಬೇನಿಯಾದ ಗಡಿಯಲ್ಲಿ ನಿವಾಸ ಪರವಾನಗಿ ಸಾಕಾಯಿತು, ಬೇರೆ ವೀಸಾ ಕೇಳಲಿಲ್ಲ. ಆದರೆ ವಿದೇಶದಲ್ಲೂ ಗಾಡಿಗೆ ವಿಮೆಯಿದೆ ಎಂದು ತೋರಿಸುವ ಗ್ರೀನ್ ಕಾರ್ಡಿನಲ್ಲಿ ಆ ದೇಶದ ಸಂಕೇತವನ್ನು ಅಡ್ಡಗೆರೆ ಎಳೆದು ಹೊಡೆದಿಲ್ಲವೆಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ಸಾಮಾನ್ಯ ನಿವಾಸ ಪರವಾನಗಿಯವರು ಆರು ತಿಂಗಳಿಗಿಂತ ಹೆಚ್ಚು ಕಾಲ ಜರ್ಮನಿಯಿಂದ ಹೊರಗಿದ್ದರೆ ಪರವಾನಗಿಯೇ ರದ್ದಾಗುವ ನಿಯಮವೂ ಇದೆ.

ರಸ್ತೆಯ ಖರ್ಚಿನಲ್ಲಿ ದೊಡ್ಡದು ಡೀಸೆಲ್. ನೂರು ಕಿಲೋಮೀಟರಿಗೆ ಒಂಬತ್ತೂವರೆ ಲೀಟರ್ ಎಂದಿಟ್ಟುಕೊಂಡರೆ ಹತ್ತು ಸಾವಿರ ಕಿಲೋಮೀಟರಿಗೆ 950 ಲೀಟರ್, ಲೀಟರಿಗೆ 1.60 ಯೂರೋ ಹಿಡಿದರೆ 1,520 ಯೂರೋ. ಅದೇ ದೂರವನ್ನು ಎರಡು ತಿಂಗಳಲ್ಲಿ ಓಡಿದರೆ ದಿನಕ್ಕೆ 25 ಯೂರೋ ಬೀಳುತ್ತದೆ, ಐದು ತಿಂಗಳಿಗೆ ಹರಡಿದರೆ ಸುಮಾರು ಹತ್ತು. ಅಗ್ಗದ ಬಂಕು ಹುಡುಕುವುದರಿಂದ ಆಗುವ ಉಳಿತಾಯ ಇದರ ಮುಂದೆ ಏನೂ ಅಲ್ಲ. ಟೋಲಿನಲ್ಲಿ ಫ್ರಾನ್ಸ್ ದುಬಾರಿ: ಎರಡು ಮೀಟರ್ ಎತ್ತರ ದಾಟಿದ ಗಾಡಿ ಅಲ್ಲಿ ಎರಡನೇ ವರ್ಗಕ್ಕೆ ಸೇರಿ, ಕಾರಿಗಿಂತ ಹೆಚ್ಚು ಕೊಡಬೇಕಾಗುತ್ತದೆ, ಹಾಗಾಗಿ ನಾವು ಅಲ್ಲಿ ಹಳೆಯ ರಾಷ್ಟ್ರೀಯ ರಸ್ತೆಗಳಲ್ಲೇ ಸಾಗಿದೆವು. ಸ್ಪೇನಿನ ಮೆಡಿಟರೇನಿಯನ್ ತೀರದ ಎಪಿ-7 ಹೆದ್ದಾರಿಯ ಬಹುಭಾಗದಲ್ಲಿ 2021ರಿಂದ ಟೋಲ್ ಇಲ್ಲ. ಸ್ವಿಟ್ಜರ್ಲೆಂಡಿನ 40 ಫ್ರಾಂಕಿನ ವಿನ್ಯೆಟ್ ಒಂದೇ ದಿನ ದಾಟುವವರಿಗೆ ನಷ್ಟವೆನಿಸಿದರೂ ಹಿಂದಿನ ಡಿಸೆಂಬರಿನಿಂದ ಮುಂದಿನ ಜನವರಿಯವರೆಗೆ ಹದಿನಾಲ್ಕು ತಿಂಗಳು ನಡೆಯುತ್ತದೆ.

ರಾತ್ರಿ ನಿಲ್ಲುವುದಕ್ಕೆ ಪಾರ್ಕ್‌ಫೋರ್‌ನೈಟ್ ಆ್ಯಪನ್ನು ನಿರಂತರವಾಗಿ ಬಳಸಿದ್ದೇವೆ. ಹಳ್ಳಿಯ ಹೊರಗಿನ ನೀರಿನ ನಲ್ಲಿಯವರೆಗೂ ಮಾಹಿತಿ ಸಿಗುತ್ತದೆ, ಆದರೆ ಆ್ಯಪಿನಲ್ಲಿ ಇದೆ ಎಂದ ಮಾತ್ರಕ್ಕೆ ನಿಲ್ಲುವುದು ಕಾನೂನುಬದ್ಧ ಎಂದಲ್ಲ. ಸ್ಪೇನಿನಲ್ಲಿ ಸರಿಯಾಗಿ ನಿಲ್ಲಿಸಿದ ಗಾಡಿಯೊಳಗೆ ಮಲಗುವುದನ್ನು ನಿಲುಗಡೆ ಎಂದೇ ನೋಡುತ್ತಾರೆ; ಹೊರಗೆ ಕುರ್ಚಿ ಹಾಕಿದರೆ ಅದು ಕ್ಯಾಂಪಿಂಗ್. ಕ್ರೊಯೇಷಿಯಾದಲ್ಲಿ ಕ್ಯಾಂಪಿಂಗ್ ಜಾಗದ ಹೊರಗೆ ರಾತ್ರಿ ಕಳೆಯುವ ಯೋಚನೆಯನ್ನೇ ಬಿಡಬೇಕು. ಫ್ರಾನ್ಸ್ ಪಾಸ್ಯೋಂ ಸದಸ್ಯತ್ವ ತೆಗೆದುಕೊಂಡರೆ ದ್ರಾಕ್ಷಿತೋಟ, ಹಾಲಿನ ಡೇರಿಗಳ ಅಂಗಳದಲ್ಲಿ ಒಂದು ರಾತ್ರಿ ಉಚಿತವಾಗಿ ನಿಲ್ಲಬಹುದು; ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ, ಆದರೂ ಚೀಸ್ ಕೊಳ್ಳದೆ ಹೊರಟದ್ದು ನೆನಪಿಲ್ಲ. ಆ ಖರ್ಚನ್ನು ನನ್ನ ಹೆಂಡತಿ ಬಾಡಿಗೆಯ ಕಲಮಿನಲ್ಲೇ ಬರೆಯುತ್ತಾಳೆ. ಜುಲೈ, ಆಗಸ್ಟ್ ಬಿಟ್ಟು ಹೋಗುವವರಿಗೆ ಕ್ಯಾಂಪಿಂಗ್ ಜಾಗಗಳಲ್ಲಿ ದರ ಇಳಿಸುವ ಎಸಿಎಸ್‌ಐ ರಿಯಾಯಿತಿ ಕಾರ್ಡು ಲಾಭದಾಯಕ. ಸಮುದ್ರತೀರದಲ್ಲಿ ಆಗಸ್ಟಿನ ದರಕ್ಕೂ ಅಕ್ಟೋಬರಿನ ದರಕ್ಕೂ ದುಪ್ಪಟ್ಟು ವ್ಯತ್ಯಾಸ ಕಂಡಿದ್ದೇವೆ.

ಡೀಸೆಲ್ ಹೀಟರ್ ಬಗ್ಗೆ ಒಂದೇ ಮಾತು: ಅಗ್ಗವೆಂದು ಕೊಂಡ ಮೊದಲನೆಯದು ಆಲ್ಪ್ಸ್‌ನ ಎತ್ತರದಲ್ಲಿ ಮಸಿ ಕಟ್ಟಿ ನಿಂತಿತು, ಎತ್ತರಕ್ಕೆ ತಕ್ಕಂತೆ ಇಂಧನ ಹೊಂದಿಸಿಕೊಳ್ಳುವ ಈಗಿನದು ಹಣಕ್ಕೆ ಮೋಸ ಮಾಡಿಲ್ಲ.

ಎರಡು ವಾರದ ರಜೆಗಾಗಿ ಯಾರೂ ಗಾಡಿ ಕಟ್ಟಬಾರದು. ಬಾಡಿಗೆಗೆ ತೆಗೆದುಕೊಳ್ಳುವುದೇ ಲೇಸು. ವರ್ಷಕ್ಕೆ ಎರಡು ತಿಂಗಳಾದರೂ ಓಡಾಡುವವರಿಗೆ, ಅದರಲ್ಲೂ ಮೂರು ಹೊತ್ತು ಹೋಟೆಲಿನ ಊಟ ಒಗ್ಗದವರಿಗೆ ಇದನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ನಿಂತ ಗಾಡಿಗೂ ವಿಮೆ, ತೆರಿಗೆಗಳು ತಪ್ಪುವುದಿಲ್ಲವಾದ್ದರಿಂದ ನಾವು ಮಾರ್ಚ್‌ನಿಂದ ನವೆಂಬರ್‌ವರೆಗಿನ ಋತುಮಾನದ ನಂಬರ್ ಪ್ಲೇಟ್ ಹಾಕಿಸಿದ್ದೇವೆ. ಉಳಿದ ತಿಂಗಳುಗಳಲ್ಲಿ ಗಾಡಿಯನ್ನು ಸಾರ್ವಜನಿಕ ರಸ್ತೆಯಲ್ಲಿ ನಿಲ್ಲಿಸುವಂತಿಲ್ಲ. ಪರಿಚಿತ ರೈತರೊಬ್ಬರ ಕೊಟ್ಟಿಗೆಯಲ್ಲಿ ಜಾಗ ಬಾಡಿಗೆಗೆ ಸಿಕ್ಕಿದೆ, ತೆರಿಗೆ ಮತ್ತು ವಿಮೆಯಲ್ಲಿ ಉಳಿದ ಹಣದ ಬಹುಪಾಲು ಅಲ್ಲಿಗೇ ಹೋಗುತ್ತದೆ.